ಕಿವಿ ಕೇಳದ ಮಾವನಿಗೆ ಯಾವ ಇಂಗ್ಲಿಷ್ ಪಿಕ್ಚರು ಹಾಕಲಿ?

ಅಪ್ಪೆಮಿಡಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುವವರಲ್ಲಿ ಹಳೆಯ ಹಾಲಿವುಡ್ ಚಿತ್ರಗಳನ್ನು ಅರೆದು ಕುಡಿದವರಿದ್ದಾರೆ. ನಾನು ಅಂಥವಳಲ್ಲ. ನನ್ನದು ಮನೆಯೊಳಗಿನ ಪೇಚಾಟ.

ನಮ್ಮ ಮಾವನಿಗೆ ಎಂಬತ್ತಾರು ವರ್ಷ. ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ಮನೆ, ಎರಡು ಎಕರೆ ಅಡಿಕೆ ತೋಟ. ಮಾವ 1950ರ ದಶಕದ ಕೊನೆಯಲ್ಲಿ ಧಾರವಾಡದಲ್ಲಿ ಕಾಲೇಜು ಓದಿದವರು. ಓದಿದ್ದು ಎಷ್ಟೋ ಏನೋ, ಭಾನುವಾರ ಬೆಳಗಿನ ಆಟಕ್ಕೆ ಹುಬ್ಬಳ್ಳಿಗೆ ಓಡಿ ಇಂಗ್ಲಿಷ್ ಪಿಕ್ಚರು ನೋಡಿದ್ದೇ ಹೆಚ್ಚು ಎಂದು ಅತ್ತೆ ಬದುಕಿದ್ದಾಗ ಹೇಳುತ್ತಿದ್ದರು. ಕುದುರೆ, ಟೊಪ್ಪಿ, ಪಿಸ್ತೂಲು, ಆ ಜಾತಿಯ ಚಿತ್ರಗಳೆಂದರೆ ಪ್ರಾಣ. ತೋಟಕ್ಕೆ ಇಳಿಯುವಾಗ ಹಾಳೆಟೊಪ್ಪಿಯನ್ನೂ ಒಂದು ಕಡೆ ಓರೆ ಮಾಡಿಯೇ ಇಟ್ಟುಕೊಳ್ಳುತ್ತಿದ್ದ ಮನುಷ್ಯ.

ಮೂರು ವರ್ಷಗಳಿಂದ ಕಿವಿ ಪೂರ್ತಿ ಹೋಗಿದೆ. ಯಂತ್ರ ತಂದುಕೊಟ್ಟೆವು. "ತಲೆಯೊಳಗೆ ಜೀರುಂಡೆ ಕೂತಂತಾಗುತ್ತದೆ" ಎಂದು ತೆಗೆದು ಎಲೆಅಡಿಕೆ ಕವಳದ ಬಟ್ಟಲಿಗೆ ಹಾಕಿದರು. ಸುಣ್ಣ ತಾಗಿ ಅದೂ ಹೋಯಿತು. ಈಗ ಮನೆಯ ಮಾತುಕತೆಯೆಲ್ಲ ಪಾಟಿಯ ಮೇಲೆ. ಮಗ ಒಂದನೆಯ ತರಗತಿಯಲ್ಲಿ ಬಳಸಿದ ಪಾಟಿ, ಮರದ ಚೌಕಟ್ಟಿನದು, ಒಂದು ಮೂಲೆ ಒಡೆದಿದೆ. ಉದ್ದ ಬರೆದರೆ ಓದುವುದಿಲ್ಲ. "ಊಟಕ್ಕೆ ಬನ್ನಿ" ಎಂದಿದ್ದರೆ ಏಳುತ್ತಾರೆ. "ಊಟ ತಣ್ಣಗಾಗುತ್ತಿದೆ, ಬೇಗ ಬನ್ನಿ, ನನಗೆ ಇನ್ನೂ ಕೆಲಸವಿದೆ" ಎಂದು ಬರೆದರೆ ಕಡೆಯ ಸಾಲನ್ನು ಅಂಗೈಯಿಂದ ಒರೆಸಿ ಆಮೇಲೆ ಏಳುತ್ತಾರೆ.

ಟಿ.ವಿ. ಮುಂದೆ ಕೂರುವುದನ್ನು ಬಿಟ್ಟೇಬಿಟ್ಟರು. ಸುಮ್ಮನೆ ಬಾಯಿ ಆಡಿಸುವವರನ್ನು ಕಂಡರೆ ಸಿಟ್ಟು ಬರುತ್ತದಂತೆ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಓದಿ ಎಂದರೆ, ಓದುವಷ್ಟರಲ್ಲಿ ಮುಖ ತಪ್ಪುತ್ತದೆ, ಮುಖ ನೋಡಿದರೆ ಅಕ್ಷರ ತಪ್ಪುತ್ತದೆ ಎಂಬ ತಕರಾರು. ಸುಳ್ಳಲ್ಲ, ನಾನೂ ಕಿವಿ ಮುಚ್ಚಿಕೊಂಡು ನೋಡಿದೆ.

ಕಳೆದ ತಿಂಗಳು ಬೆಂಗಳೂರಿನಿಂದ ಬಂದ ಮಗ ಚಾಪ್ಲಿನ್ನನ 'ದಿ ಗೋಲ್ಡ್ ರಶ್' ಹಾಕಿದ್ದ. ಹಿಮದ ನಡುವೆ ಗುಡಿಸಲು, ತಿನ್ನಲು ಏನೂ ಇಲ್ಲ, ಬೂಟನ್ನೇ ಬೇಯಿಸಿ ತಟ್ಟೆಗೆ ಹಾಕಿಕೊಂಡು ಕೂತಿದ್ದಾರೆ. ಮಾವ ಕವಳ ಬಾಯಲ್ಲಿಟ್ಟುಕೊಂಡು ಜಗಲಿಗೆ ಹೊರಟವರು ಬಾಗಿಲಲ್ಲೇ ನಿಂತರು. ಚಾಪ್ಲಿನ್ ಬೂಟಿನ ದಾರವನ್ನು ಮುಳ್ಳುಚಮಚಕ್ಕೆ ಸುತ್ತಿ ಶಾವಿಗೆಯಂತೆ ಎತ್ತಿದ. ಆಮೇಲೆ ಅಟ್ಟೆಯ ಮೊಳೆಗಳನ್ನು ಒಂದೊಂದಾಗಿ ಬಾಯಿಗಿಟ್ಟು ಚೀಪಿ, ತಟ್ಟೆಯ ಅಂಚಿಗೆ ಇಟ್ಟ. ಮಾವ "ನುಗ್ಗೆಕಾಯಿ! ನುಗ್ಗೆಕಾಯಿ!" ಎಂದು ಕೂಗಿ ನಗತೊಡಗಿದರು. ಕವಳ ಗಂಟಲಿಗೆ ಸಿಕ್ಕಿ ಬೆನ್ನು ತಟ್ಟಬೇಕಾಯಿತು. ಈ ಮನೆಯಲ್ಲಿ ಅವರ ನಗು ಕೇಳಿ ಎರಡು ವರ್ಷದ ಮೇಲಾಗಿತ್ತು.

ಆದರೆ ಕೊನೆಯವರೆಗೆ ಕೂರಲಿಲ್ಲ. "ಕಥೆ ಏನೆಂದು ಯಾರೂ ಬರೆದು ತೋರಿಸುವುದಿಲ್ಲವಲ್ಲ" ಎಂದು ಎದ್ದರು. ಹೌದು, ಹಿಂದಿನಿಂದ ಯಾರೋ ಮಾತಾಡುತ್ತಲೇ ಇದ್ದರು, ಪರದೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಮೂಕಿ ಚಿತ್ರಕ್ಕೆ ಮಾತು ಎಲ್ಲಿಂದ ಬಂತು? ಮರುದಿನ ಇನ್ನೊಂದು ಚಿತ್ರ ಹಾಕಿದರೆ, ಅದರಲ್ಲಿ ಎಲ್ಲರೂ ಬೆನ್ನಿಗೆ ಬೆಂಕಿ ಬಿದ್ದವರಂತೆ ಓಡಾಡುತ್ತಿದ್ದರು. ಮಾವನಿಗೆ ತಲೆ ತಿರುಗಿತು.

ಹೀಗೆ ಕಿವಿ ಇಲ್ಲದ, ಇಂಗ್ಲಿಷ್ ಓದಬಲ್ಲ, ಕೌಬಾಯ್ ಚಿತ್ರದ ಹುಚ್ಚಿರುವ ಹಿರಿಯರಿಗೆ ಯಾವುದರಿಂದ ಶುರು ಮಾಡಲಿ? ಅಡಿಕೆ ಕೊನೆ ಕೊಯ್ಲು ನಡೆದಿದೆ, ಸಂಜೆ ಏಳರ ಮೇಲೆ ಮಾತ್ರ ಬಿಡುವು, ಒಂಬತ್ತಕ್ಕೆ ಅವರು ಮಲಗುತ್ತಾರೆ. ಅಳಿಸುವ ಚಿತ್ರ ಸದ್ಯಕ್ಕೆ ಬೇಡ.

ರೀಲುಪೆಟ್ಟಿಗೆ, ಕಾರವಾರ

ಅಕ್ಕ, ನಿಮ್ಮ ಮಗ ಹಾಕಿದ್ದು ತಪ್ಪು ಪ್ರತಿ. 'ದಿ ಗೋಲ್ಡ್ ರಶ್' ಎರಡಿವೆ. 1925ರಲ್ಲಿ ಬಂದದ್ದು ಅಪ್ಪಟ ಮೂಕಿ, ಮಾತೆಲ್ಲ ಅಕ್ಷರದ ಫಲಕಗಳಲ್ಲಿ ಬರುತ್ತದೆ. 1942ರಲ್ಲಿ ಚಾಪ್ಲಿನ್ ಅದನ್ನೇ ಮತ್ತೆ ಕತ್ತರಿಸಿ, ಫಲಕಗಳನ್ನು ಕಿತ್ತುಹಾಕಿ, ತನ್ನದೇ ದನಿಯಲ್ಲಿ ಕಥೆ ಹೇಳುತ್ತ ಹೊಸದಾಗಿ ಬಿಟ್ಟ. ಕೊನೆಯ ಮುತ್ತನ್ನೂ ಹಾರಿಸಿದ. ಮಾವನವರಿಗೆ ಬೇಕಾದದ್ದು 1925ರದು. ಆ ಬೂಟಿನ ಗುಟ್ಟನ್ನೂ ಹೇಳಿಬಿಡುತ್ತೇನೆ. ಅದು ಲಿಕರಿಸ್ ಎಂಬ ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದು.

ಓಟದ ಕಾಯಿಲೆಗೂ ಮದ್ದಿದೆ. ನಮ್ಮ ಅಪ್ಪ ಅಂಕೋಲಾ, ಕುಮಟಾ ಕಡೆ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸಿದವರು. ಯಂತ್ರದ ಪಕ್ಕದಲ್ಲಿ ಕೂತು, ಕಾರ್ಬನ್ ಕಡ್ಡಿ ಸವೆದು ಬೆಳಕು ಹಳದಿಯಾದ ಕೂಡಲೇ ಅಪ್ಪನ ಅಂಗಿ ಜಗ್ಗುವುದು ನನ್ನ ಕೆಲಸವಾಗಿತ್ತು. ಅವರು ಹೇಳಿಕೊಟ್ಟದ್ದು: ಮೂಕಿ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16, 18, 20 ಚೌಕಟ್ಟು (ಫ್ರೇಮ್), ತಿರುಗಿಸುವವನ ಕೈ ಹೇಗೋ ಹಾಗೆ. ಮಾತು ಬಂದ ಮೇಲೆ ದನಿ ಕೆಡಬಾರದೆಂದು 24ಕ್ಕೆ ಕಟ್ಟಿಹಾಕಿದರು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಶವಯಾತ್ರೆಯೂ ಓಟದ ಪಂದ್ಯವಾಗುತ್ತದೆ. ಹಾಸ್ಯ ಚಿತ್ರಗಳಲ್ಲಿ ಬೇಕೆಂದೇ ನಿಧಾನ ತಿರುಗಿಸಿ ಚುರುಕು ತರುತ್ತಿದ್ದುದೂ ಉಂಟು, ಆದರೆ ತಲೆ ತಿರುಗುವಷ್ಟಲ್ಲ. ಮೊಬೈಲಿನಲ್ಲಾಗಲಿ ಟಿ.ವಿ.ಯಲ್ಲಾಗಲಿ ವೇಗವನ್ನು 0.75ಕ್ಕೆ ಇಳಿಸಿ ನೋಡಿ. ದುರಸ್ತಿ ಮಾಡಿ ಬಿಟ್ಟ ಹೊಸ ಪ್ರತಿಗಳಲ್ಲಿ ವೇಗ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಇನ್ನು ಚಿತ್ರ. ಬಸ್ಟರ್ ಕೀಟನ್ನನ 'ದಿ ಜನರಲ್', 1926. ಶಿರಸಿಗೆ ರೈಲು ಬರುವುದು ಯಾವ ಕಾಲಕ್ಕೋ, ಅಲ್ಲಿಯವರೆಗೆ ಇದನ್ನು ಹಾಕಿ. ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ನಡೆದ ನಿಜವಾದ ರೈಲು ಕಳವಿನ ಮೇಲೆ ಕಟ್ಟಿದ ಕಥೆ. ಎಂಜಿನ್ ಚಾಲಕನ ಎಂಜಿನನ್ನು ಶತ್ರುಗಳು ಕದ್ದೊಯ್ಯುತ್ತಾರೆ, ಅವನು ಬೆನ್ನಟ್ಟಿ ಹೋಗುತ್ತಾನೆ, ಮರಳಿ ತರುತ್ತಾನೆ. ಹೋಗುವುದು, ಬರುವುದು, ಅಷ್ಟೇ. ಫಲಕಗಳೂ ಕಡಿಮೆ. ಚಾಪ್ಲಿನ್ ನಿಮ್ಮ ಮುಖ ನೋಡಿ ನಗಿಸುತ್ತಾನೆ. ಕೀಟನ್ ನಿಮ್ಮತ್ತ ತಿರುಗಿಯೂ ನೋಡುವುದಿಲ್ಲ, ಅವನಿಗೆ ಕೈತುಂಬ ಕೆಲಸವಿದೆ. ನನಗೆ ಎರಡನೆಯವನೇ ಹೆಚ್ಚು.

ಅದರಲ್ಲಿ ಉರಿಯುವ ಮರದ ಸೇತುವೆಯ ಮೇಲೆ ಎಂಜಿನ್ ಬಂದು, ಸೇತುವೆ ಕುಸಿದು ನದಿಗೆ ಬೀಳುತ್ತದೆ. ಆಟಿಕೆಯಲ್ಲ, ನಿಜವಾದ ಎಂಜಿನ್. ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿನ ಬಳಿ ಒಂದೇ ಸಲಕ್ಕೆ ತೆಗೆದದ್ದು. ಆ ಒಂದು ದೃಶ್ಯಕ್ಕೆ 42,000 ಡಾಲರ್ ಖರ್ಚಾಯಿತು ಎನ್ನುತ್ತಾರೆ. ಎಂಜಿನ್ ಆ ನದಿಯಲ್ಲೇ ಬಿದ್ದಿತ್ತು, ಎರಡನೆಯ ಮಹಾಯುದ್ಧದಲ್ಲಿ ಗುಜರಿ ಕಬ್ಬಿಣಕ್ಕೆಂದು ಎತ್ತಿದರು. ನಾನು ಆ ದೃಶ್ಯವನ್ನು ನೂರು ಸಲ ನೋಡಿ ಚಪ್ಪಾಳೆ ತಟ್ಟಿದವನು. ನಾನಿರುವುದು ಕೋಡಿಬಾಗದಲ್ಲಿ. 2024ರ ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ ನಮ್ಮ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಚಾಲಕನನ್ನು ಜೀವಂತ ಮೇಲೆತ್ತಿದರು. ಬೆಳಿಗ್ಗೆ ಹೋಗಿ ನೋಡಿದರೆ, ದಿನಾ ಸ್ಕೂಟರಿನಲ್ಲಿ ದಾಟುತ್ತಿದ್ದ ರಸ್ತೆ ನೀರಿನೊಳಗೆ ಓರೆಯಾಗಿ ಇಳಿದು ಹೋಗಿತ್ತು. ಆಮೇಲೆ ಚಪ್ಪಾಳೆ ಬರುವುದಿಲ್ಲ. ಚಿತ್ರ ಮಾತ್ರ ಮೊದಲಿನಷ್ಟೇ ಚೆನ್ನಾಗಿದೆ.

ಮಾಸ್ತರು, ಕುಮಟಾ

ರೀಲುಪೆಟ್ಟಿಗೆಯವರು ತಮ್ಮ ಕಲ್ಲುಮುಖದ ದೇವರು ಕೀಟನ್ನನನ್ನು ಬಿಟ್ಟು ಬೇರೆಯವರಿಗೆ ಕೈಮುಗಿಯುವವರಲ್ಲ. ಇರಲಿ. ತಂಗೀ, ನಿನ್ನ ಮಾವ ಕೇಳುವುದು ಕುದುರೆ, ಇವರು ಕೊಡುವುದು ರೈಲು.

ಕೌಬಾಯ್ ಚಿತ್ರಗಳಲ್ಲಿ ಮಾತು ಕಡಿಮೆ ಎಂಬುದು ನಿಜ, ಆದರೆ ಎಲ್ಲದರಲ್ಲೂ ಅಲ್ಲ. 'ರಿಯೊ ಬ್ರಾವೊ' (1959) ಶುರುವಾಗುವಾಗ ಕೆಲವು ನಿಮಿಷ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಕುಡುಕನೊಬ್ಬ ಹೆಂಡಕ್ಕೆ ಹಾತೊರೆಯುತ್ತಾನೆ, ಒಬ್ಬ ಉಗುಳುವ ಪಾತ್ರೆಗೆ ನಾಣ್ಯ ಎಸೆಯುತ್ತಾನೆ, ಇವನು ಬಗ್ಗುತ್ತಾನೆ. ಮಾನ ಹೋಗುವುದೆಂದರೆ ಏನೆಂದು ಅಷ್ಟರಲ್ಲಿ ತಿಳಿಯುತ್ತದೆ. ಆದರೆ ಆಮೇಲೆ ಎರಡು ಗಂಟೆ ಹರಟೆ. ನಿನ್ನ ಒಂಬತ್ತು ಗಂಟೆಯ ಗಡುವಿಗೆ ಸಲ್ಲದು.

'ಹೈ ನೂನ್' ಹಾಕು. 1952ರದು, 85 ನಿಮಿಷ. ಕಥೆ ನಡೆಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮಧ್ಯಾಹ್ನ ಹನ್ನೆರಡರ ರೈಲಿಗೆ ಒಬ್ಬ ಕೊಲೆಗಡುಕ ಬರುತ್ತಾನೆ, ಅವನ ಮೂವರು ಸಂಗಡಿಗರು ನಿಲ್ದಾಣದಲ್ಲಿ ಕಾಯುತ್ತಿದ್ದಾರೆ, ಆಗತಾನೆ ಮದುವೆಯಾದ ಪೊಲೀಸ್ ಅಧಿಕಾರಿ ಊರಿನವರ ಬಾಗಿಲು ಬಾಗಿಲಿಗೆ ಹೋಗಿ ಸಹಾಯ ಕೇಳುತ್ತಾನೆ. ನಿನ್ನ ಮಾವನವರಿಗೆ ಸಂಭಾಷಣೆ ಬೇಕಿಲ್ಲ. ಗೋಡೆ ಗಡಿಯಾರ ಓದಲು ಬಂದರೆ ಸಾಕು, ನಿರ್ದೇಶಕ ಫ್ರೆಡ್ ಜಿನ್ನೆಮನ್ ಅದನ್ನು ಮತ್ತೆ ಮತ್ತೆ ತೋರಿಸುತ್ತಾನೆ. ಹನ್ನೆರಡು ಹೊಡೆಯುವ ಮುನ್ನ ಒಂದೊಂದೇ ಮುಖ, ಖಾಲಿ ಕುರ್ಚಿ, ತೂಗುವ ಲೋಲಕ, ನೀಳ ರೈಲು ಹಳಿ. ಗ್ಯಾರಿ ಕೂಪರನ ಮುಖವೇ ಅರ್ಧ ಚಿತ್ರ. ಅದಕ್ಕೆ ಆಸ್ಕರ್ ಬಂತು.

ಅದು ರುಚಿಸಿದರೆ 'ಶೇನ್' (1953). ಹಿಂದೆ ವಯೊಮಿಂಗ್‌ನ ಹಿಮದ ಬೆಟ್ಟಗಳು, ಮುಂದೆ ಬೇಲಿಯ ಜಗಳ. ದನ ಮೇಯಿಸುವ ದೊಡ್ಡ ಕುಳ ಒಂದು ಕಡೆ, ತುಂಡು ನೆಲಕ್ಕೆ ಬೇಲಿ ಹಾಕಿಕೊಂಡ ರೈತರು ಇನ್ನೊಂದು ಕಡೆ. ಸೊಪ್ಪಿನ ಬೆಟ್ಟದ ಗಡಿ ಎಲ್ಲಿಯವರೆಗೆ ಎಂದು ಮೂರು ತಲೆಮಾರು ಕೋರ್ಟಿಗೆ ಅಲೆದ ಜಿಲ್ಲೆಯವರಿಗೆ ಇದನ್ನು ಯಾರೂ ಅರ್ಥ ಹೇಳಬೇಕಾಗಿಲ್ಲ.

ಜಾನ್ ಫೋರ್ಡನ 'ಸ್ಟೇಜ್‌ಕೋಚ್' (1939) ದೊಡ್ಡ ಚಿತ್ರ, ಒಪ್ಪುತ್ತೇನೆ. ಆದರೆ ಅದರ ಅಪಾಚೆ ಎಂಬ ಮೂಲನಿವಾಸಿಗಳಿಗೆ ಮುಖವೇ ಇಲ್ಲ, ಕುದುರೆಯಿಂದ ಉರುಳಲಿಕ್ಕೆಂದೇ ಹುಟ್ಟಿದವರಂತೆ ಉರುಳುತ್ತಾರೆ. ಫೋರ್ಡನ ಚಿತ್ರಗಳಲ್ಲಿ ಬೇರೆ ಬೇರೆ ಬುಡಕಟ್ಟಿನವರಾಗಿ ಕಾಣಿಸಿಕೊಂಡವರು ಬಹುಪಾಲು ಚಿತ್ರೀಕರಣ ನಡೆದ ಮಾನ್ಯುಮೆಂಟ್ ವ್ಯಾಲಿ ಕಣಿವೆಯಲ್ಲೇ ಬದುಕುತ್ತಿದ್ದ ನವಾಹೊ ಜನ. ಯಾರೋ ಅಂಕೋಲೆಗೆ ಬಂದು, ಅಲ್ಲಿನ ಹಾಲಕ್ಕಿ ಜನರಿಗೆ ಬೇರೆ ವೇಷ ತೊಡಿಸಿ, ಸಾಲಾಗಿ ನಿಲ್ಲಿಸಿ ಗುಂಡು ಹೊಡೆದರೆ ಹೇಗಿರುತ್ತದೆ? ನೋಡಬೇಡ ಎನ್ನುತ್ತಿಲ್ಲ. ಆ ಭಾಗ ಬಂದಾಗ ನನಗೆ ಕುರ್ಚಿ ಒತ್ತುತ್ತದೆ, ಅಷ್ಟೇ.

ಮುರ್ಡೇಶ್ವರದ ಹುಡುಗ

ಎಲ್ಲರೂ ನಿರ್ದೇಶಕ ಸೆರ್ಜಿಯೊ ಲಿಯೋನೆಯನ್ನು ಮರೆತಿರಾ? 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್', 1968. ಮೊದಲ ಹತ್ತು ನಿಮಿಷ ಹೆಚ್ಚುಕಡಿಮೆ ಮಾತೇ ಇಲ್ಲ! ಮೂವರು ರೈಲಿಗಾಗಿ ಕಾಯುತ್ತಾರೆ. ಅಜ್ಜನವರಿಗೆ ಹೇಳಿ ಮಾಡಿಸಿದಂತಿದೆ.

ಮಾಸ್ತರು, ಕುಮಟಾ

ತಮ್ಮಾ, ಆ ಹತ್ತು ನಿಮಿಷದಲ್ಲಿ ಇರುವುದು ಏನು? ಎಣ್ಣೆ ಕಾಣದ ಗಾಳಿಯಂತ್ರದ ಕಿರುಗುಟ್ಟುವಿಕೆ, ಟೊಪ್ಪಿಯ ಮೇಲೆ ತೊಟ್ಟಿಕ್ಕುವ ನೀರು, ನೊಣದ ಗುಂಯ್‌ಗುಡುವಿಕೆ. ಕಿವಿಯಿಂದಲೇ ನೋಡಬೇಕಾದ ಚಿತ್ರವನ್ನು ಕಿವಿ ಇಲ್ಲದವರಿಗೆ ಹೇಳುತ್ತಿದ್ದೀಯಲ್ಲ! ಮಾತಿಲ್ಲದ್ದೆಲ್ಲ ಮೂಕಿಯಲ್ಲ. ಮೇಲಾಗಿ ಅದು ಮುಗಿಯುವಷ್ಟರಲ್ಲಿ ಅವರಿಗೆ ಒಂದು ನಿದ್ದೆ ಆಗಿರುತ್ತದೆ.

ಚಂಡೆಪೆಟ್ಟು, ಹೊನ್ನಾವರ

ನಾನು ಸಿನಿಮಾದವನಲ್ಲ, ಮೇಳದವನು. ನಮ್ಮ ಕಡೆ 'ಆಟ' ಎಂದರೆ ಯಕ್ಷಗಾನ, ಸಿನಿಮಾ ಟೆಂಟಿನವರು ಆಮೇಲೆ ಆ ಮಾತನ್ನು ಕಡ ತೆಗೆದುಕೊಂಡದ್ದು.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದಷ್ಟೇ. ಕಣ್ಣು ಮುಚ್ಚಿಕೊಂಡರೂ ಏನೂ ಕಳೆದುಹೋಗುವುದಿಲ್ಲ. ಮೂಕಿ ಚಿತ್ರ ನೋಡಿದಾಗ ನನಗೆ ಅದರ ಉಲ್ಟಾ ಕಂಡಿತು. ಮಾತು ಪೂರ್ತಿ ಕಳಚಿದೆ, ವೇಷ ಮತ್ತು ನಡೆ ಉಳಿದಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ರಂಗಸ್ಥಳಕ್ಕೆ ಬಂದು ಒಂದು ಸುತ್ತು ಹಾಕಿ ಕಣ್ಣು ತಿರುಗಿಸಿದರೆ, ಹಿಂದೆ ಕೂತ ಅಜ್ಜಿಗೂ ಇವನು ಭಸ್ಮಾಸುರನೋ ಕೀಚಕನೋ ಎಂದು ಗೊತ್ತಾಗುತ್ತಿತ್ತು. ಅರ್ಥ ಹೇಳುವುದು ಆಮೇಲಿನ ಮಾತು. ಚಾಪ್ಲಿನ್ನನ ನಡಿಗೆಯೂ ಹಾಗೆಯೇ, ಬಂದ ಕೂಡಲೇ ಇವನ ಜೇಬು ಖಾಲಿ, ಮರ್ಯಾದೆ ಮಾತ್ರ ತುಂಬಿದೆ ಎಂದು ತಿಳಿಯುತ್ತದೆ. ಆದ್ದರಿಂದ ಅಮ್ಮ, ಮಾವನವರು ಏನೋ ಕಳೆದುಕೊಂಡು ನೋಡುತ್ತಿದ್ದಾರೆ ಎಂದು ನೀವು ಮರುಗಬೇಡಿ.

ಹಿನ್ನೆಲೆ ಸಂಗೀತಕ್ಕೆ ಒಂದು ಉಪಾಯ. ನನಗೆ ಚಂಡೆ ಕಲಿಸಿದ ಹಿರಿಯರಿಗೆ ಕೊನೆಗಾಲದಲ್ಲಿ ಕಿವಿ ಹೋಗಿತ್ತು. ಅವರು ಮಂಚದ ಹಲಗೆಗೆ ಬರಿಗಾಲು ತಾಗಿಸಿಕೊಂಡು ಕೂತು ತಾಳ ತಪ್ಪಿದವನಿಗೆ ಬೈಯುತ್ತಿದ್ದರು. ಸ್ಪೀಕರನ್ನು ಒಂದು ಮರದ ಹಲಗೆಯ ಮೇಲಿಟ್ಟು, ಅದೇ ಹಲಗೆಯ ಮೇಲೆ ಅವರ ಪಾದ ಇರಲಿ.

ಯಾಣ

ಮೂಕಿ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಗಡಿಯಾರದ ಮುಳ್ಳಿಗೆ ನೇತಾಡುವ 'ಸೇಫ್ಟಿ ಲಾಸ್ಟ್', 1923. ಕೊನೆ ಕೊಯ್ಲಿನ ಕಾಲಕ್ಕೆ ಅದೇ ಸರಿ.

ಅಪ್ಪೆಮಿಡಿ, ಶಿರಸಿ

ಎಲ್ಲರಿಗೂ ಉಪಕಾರ ಸ್ಮರಣೆ. ಎರಡು ವಾರದ ವರದಿ ಒಪ್ಪಿಸುತ್ತೇನೆ.

ಹಲಗೆ ಸೋತಿತು. ಅಡಿಕೆ ಒಣಗಿಸುವ ಹಲಗೆಯನ್ನೇ ತೊಳೆದು ತಂದು, ಸ್ಪೀಕರ್ ಇಟ್ಟು, ಮಾವನ ಪಾದ ಇಡಿಸಿದೆ. ಎರಡು ನಿಮಿಷಕ್ಕೆ ಕಾಲು ಎಳೆದುಕೊಂಡು "ಅಡಿಯಲ್ಲಿ ಇಲಿ ಓಡುತ್ತಿದೆ" ಎಂದರು. ಚಂಡೆಯವರು ಬೇಸರ ಮಾಡಿಕೊಳ್ಳಬಾರದು. ನಮ್ಮ ಮಾವ ಮೊದಲಿನಿಂದಲೂ ತಾಳಮದ್ದಲೆಯ ಪಕ್ಷ.

'ದಿ ಜನರಲ್' ಗೆದ್ದಿತು. ಎಂಜಿನ್ನಿಗೆ ಸೌದೆ ಹಾಕುವುದನ್ನು ನೋಡಿಯೇ ಮಾವ ಕುರ್ಚಿ ಮುಂದಕ್ಕೆಳೆದುಕೊಂಡರು. ಕೀಟನ್ ತಲೆ ತಗ್ಗಿಸಿ ಸೌದೆ ಒಡೆಯುತ್ತಿದ್ದಾನೆ, ಹಿಂದೆ ಒಂದು ಇಡೀ ಸೈನ್ಯ ಓಡಿಹೋಗುತ್ತದೆ, ಇನ್ನೊಂದು ಸೈನ್ಯ ಬರುತ್ತದೆ, ಇವನಿಗೆ ಗೊತ್ತೇ ಇಲ್ಲ. ಮಾವ "ಕೆಲಸಗಾರ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ, ನನಗೆ ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಸಿಕ್ಕಿಲ್ಲ. ಮುಂದೆ ಅವನ ಜೊತೆಗಿರುವ ಹುಡುಗಿ ಉರಿಗೆ ಕಡ್ಡಿಯಷ್ಟು ಚೂರನ್ನು ಹಾಕುತ್ತಾಳಲ್ಲ, ಅವನು ಸಿಟ್ಟಿನಿಂದ ಅವಳ ಕತ್ತು ಹಿಡಿದು ಅಲ್ಲಾಡಿಸಿ, ಮರುಕ್ಷಣ ಮುತ್ತು ಕೊಡುತ್ತಾನಲ್ಲ, ಆಗ ನನ್ನ ಕಡೆ ತಿರುಗಿ "ಬಚ್ಚಲ ಒಲೆ" ಎಂದರು. ಹೌದು, ಹಂಡೆಗೆ ನಾನು ಹಾಕುವ ಉರಿ ಸಾಲದೆಂದು ಮೂವತ್ತೊಂದು ವರ್ಷದ ದೂರು. ಅದನ್ನು ಹೇಳಲು ಒಂದು ಸಿನಿಮಾ ಸಿಕ್ಕಿತು.

'ಹೈ ನೂನ್' ಅವರು ಹುಬ್ಬಳ್ಳಿಯಲ್ಲಿ ನೋಡಿದ್ದರಂತೆ, ಆದರೂ ಮೊದಲ ಸಲ ಎಂಬಂತೆ ಕೂತರು. ಚಿತ್ರದ ಗಡಿಯಾರ ನೋಡುವುದು, ನಮ್ಮ ಗೋಡೆಯ ಗಡಿಯಾರ ನೋಡುವುದು. ನಮ್ಮದು ಹತ್ತು ನಿಮಿಷ ಮುಂದಿದೆ ಎಂದು ಅಂದು ಗೊತ್ತಾಯಿತು. ಊರಿನವರು ಒಬ್ಬೊಬ್ಬರಾಗಿ ನುಣುಚಿಕೊಂಡಾಗ ಮಾವ ನಮ್ಮೂರಿನ ನಾಲ್ಕು ಹೆಸರು ಹೇಳಿದರು. ಅವನ್ನು ಇಲ್ಲಿ ಬರೆಯುವುದಿಲ್ಲ. 'ಶೇನ್'ನಲ್ಲಿ ಇಬ್ಬರೂ ಸೇರಿ ಮರದ ಬೊಡ್ಡೆ ಕೀಳುವುದನ್ನು ಮೂರು ಸಲ ಹಾಕಿಸಿದರು. ಪಿಸ್ತೂಲಿನ ಭಾಗ ಬಂದಾಗ ತೂಕಡಿಕೆ.

ನಿಜವಾದ ಸುದ್ದಿ 'ಸೇಫ್ಟಿ ಲಾಸ್ಟ್'ನದು. ಅಂದು ಸಂಜೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಲೆಕ್ಕಕ್ಕೆ ಬಂದಿದ್ದ. ನನಗಿಂತ ಚಿಕ್ಕವನು, ಅವನ ಅಪ್ಪನೂ ನಮ್ಮ ತೋಟಕ್ಕೇ ಕೊನೆ ಕೊಯ್ಯುತ್ತಿದ್ದ. ಚಹಾ ಕುಡಿಯುತ್ತ ಅವನೂ ಕೂತ. ಹಳ್ಳಿಯ ಹುಡುಗ ಪಟ್ಟಣ ಸೇರಿ, ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿ, ತಾನು ಭಾರಿ ಹುದ್ದೆಯಲ್ಲಿದ್ದೇನೆಂದು ಊರಿಗೆ ಬರೆಯುತ್ತಾನೆ. (ಮಗ ಬೆಂಗಳೂರಿನಿಂದ ಕಳಿಸುವ ಫೋಟೊಗಳನ್ನು ಇನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.) ಕೊನೆಗೆ ಹನ್ನೆರಡು ಮಹಡಿಯ ಕಟ್ಟಡವನ್ನು ಹೊರಗಿನಿಂದ ಹತ್ತುವ ಪಾಳಿ ಅವನ ಮೇಲೆಯೇ ಬೀಳುತ್ತದೆ. ಮಾವ ನಗುತ್ತಿದ್ದರು, ನಾನು ಸೆರಗು ಕಚ್ಚಿಕೊಂಡಿದ್ದೆ. ಗೌಡ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು ಟಿ.ವಿ. ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಪಾರಿವಾಳಗಳು ಬಂದವು, ಬಲೆ ಬಿತ್ತು, ಇಲಿ ಪ್ಯಾಂಟಿನೊಳಗೆ ಹೋಯಿತು, ಅವನು ಮಾತ್ರ ಕೈ ನೋಡುತ್ತಿದ್ದ. ಗಡಿಯಾರಕ್ಕೆ ನೇತಾಡುವಾಗ ಹೇಳಿದ: "ಅಮ್ಮ, ಇವನ ಬಲಗೈ ಸರಿ ಇಲ್ಲ. ಹೆಬ್ಬೆರಳು ಹಿಡಿಯುತ್ತಿಲ್ಲ ನೋಡಿ. ಈ ಕೈ ನಂಬಿ ನಾನಾಗಿದ್ದರೆ ಮರ ಹತ್ತುತ್ತಿರಲಿಲ್ಲ."

ನಾನು ಹಿಂದಕ್ಕೆ ಓಡಿಸಿ ನೋಡಿದೆ. ನನಗೇನೂ ಕಾಣಲಿಲ್ಲ, ಎಲ್ಲರ ಕೈ ಇದ್ದಂತೆಯೇ ಇದೆ. ದಿನಕ್ಕೆ ನೂರಾರು ಮರದ ಕೊನೆ ಇಳಿಸುವವನು, ಕೆಳಗಿಳಿಯದೆ ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ದಾಟುವವನು, ಸುಮ್ಮನೆ ಹೇಳಲಾರ. ರೀಲುಪೆಟ್ಟಿಗೆಯವರೇ, ಇದರಲ್ಲಿ ಏನಾದರೂ ಇದೆಯೇ?

ರೀಲುಪೆಟ್ಟಿಗೆ, ಕಾರವಾರ

ಅಕ್ಕ, ಇದನ್ನು ಓದಿ ಮೈ ಜುಮ್ಮೆಂದಿತು. ನಿಮ್ಮ ಗೌಡನಿಗೆ ನನ್ನ ನಮಸ್ಕಾರ ತಿಳಿಸಿ.

ಲಾಯ್ಡ್‌ಗೆ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಇರಲಿಲ್ಲ. 1919ರಲ್ಲಿ ಫೋಟೊ ತೆಗೆಸಿಕೊಳ್ಳುವಾಗ ಆಟಿಕೆ ಬಾಂಬು ಎಂದುಕೊಂಡು ಕೈಯಲ್ಲಿ ಹಿಡಿದದ್ದು ನಿಜವಾಗಿ ಸಿಡಿಯಿತು. ಕೆಲವು ಕಾಲ ಕಣ್ಣೂ ಕಾಣಿಸುತ್ತಿರಲಿಲ್ಲ. ಆಮೇಲಿನ ಚಿತ್ರಗಳಲ್ಲೆಲ್ಲ ಚರ್ಮದ ಬಣ್ಣದ ಕೈಗವಸು ತೊಟ್ಟು, ಒಳಗೆ ಕೃತಕ ಬೆರಳು ಇಟ್ಟುಕೊಂಡು ನಟಿಸಿದ. ನೋಡುವವರಿಗೆ ಗೊತ್ತಾಗಬಾರದೆಂದು ಬಹಳ ಜಾಗ್ರತೆ ವಹಿಸುತ್ತಿದ್ದ. ನಾನೂ ಮೊದಲು ಓದಿ ತಿಳಿದುಕೊಂಡು ಆಮೇಲೆ ಕಂಡವನು.

ಪೂರ್ತಿ ಸತ್ಯ ಹೇಳಬೇಕೆಂದರೆ, ಹನ್ನೆರಡು ಮಹಡಿಯನ್ನೂ ಅವನೇ ಹತ್ತಲಿಲ್ಲ. ಎತ್ತರದ ಕಟ್ಟಡಗಳ ತಾರಸಿಯ ಮೇಲೆ ಗೋಡೆಯ ತುಂಡುಗಳನ್ನು ಕಟ್ಟಿ, ಕೆಳಗಿನ ಬೀದಿ ಕಾಣುವಂತೆ ಕ್ಯಾಮೆರಾ ಇಟ್ಟು ತೆಗೆದರು. ಕಾಣದ ಕಡೆ ಹಾಸಿಗೆ ಹಾಸಿದ ಅಟ್ಟಣಿಗೆ ಇರುತ್ತಿತ್ತು. ದೂರದಿಂದ ಕಾಣುವ ಕೆಲವು ದೃಶ್ಯಗಳಲ್ಲಿ ಹತ್ತುವವನು ಬಿಲ್ ಸ್ಟ್ರದರ್, ಚಿತ್ರದಲ್ಲಿ ಗೆಳೆಯನ ಪಾತ್ರ ಮಾಡಿದವನೇ. ಅವನು ಕಟ್ಟಡ ಹತ್ತುವುದನ್ನು ನೋಡಿಯೇ ಲಾಯ್ಡ್‌ಗೆ ಈ ಕಥೆ ಹೊಳೆದದ್ದು. ಆದರೆ ಹತ್ತಿರದಿಂದ ಕಾಣುವ ಕೈ ಲಾಯ್ಡನದೇ, ಗಡಿಯಾರದ ಮುಳ್ಳು ಹಿಡಿದದ್ದೂ ಅದೇ ಕೈ.

ಅಪ್ಪೆಮಿಡಿ, ಶಿರಸಿ

ನಿನ್ನೆ ರಾತ್ರಿ ಊಟದ ಹೊತ್ತಿಗೆ ಪಾಟಿಯ ಮೇಲೆ ಬರೆದು ಮಾವನ ಮುಂದೆ ಹಿಡಿದೆ. "ಅವನ ಬಲಗೈಗೆ ಎರಡು ಬೆರಳಿಲ್ಲ." ಇಷ್ಟೇ ಬರೆದದ್ದು. ಯಾರ ಕೈ, ಎಲ್ಲಿಯದು ಎಂದು ಅವರು ಕೇಳಲಿಲ್ಲ. ಓದಿ, ಎಂದಿನಂತೆ ಒರೆಸದೆ, ಪಾಟಿಯನ್ನು ಗೋಡೆಗೆ ಒರಗಿಸಿಟ್ಟರು. "ಮೊದಲಿನಿಂದ ಹಾಕು" ಎಂದರು. ಒಂಬತ್ತು ಗಂಟೆ ದಾಟಿತ್ತು.

ಗೌಡನಿಗೆ ಇಂದು ಬೆಳಿಗ್ಗೆ ತೋಟದಲ್ಲಿ ಹೇಳಿದೆ. ಮರ ಹತ್ತಲು ಕಾಲಿಗೆ ತಳೆ ಹಾಕಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿ ಕೇಳಿಸಿಕೊಂಡ. ತಾರಸಿ, ಹಾಸಿಗೆ, ಎರಡನೆಯ ಮನುಷ್ಯ, ಎಲ್ಲವನ್ನೂ ಹೇಳಿದೆ. "ಹಾಸಿಗೆ ಇದ್ದರೂ ಬೆರಳಿಲ್ಲದ ಕೈ ಬೆರಳಿಲ್ಲದ ಕೈಯೇ ಅಲ್ಲವೇ ಅಮ್ಮ" ಎಂದು ಎರಡು ಮಾರು ಹತ್ತಿದ. ಅಲ್ಲಿಂದಲೇ ಕೂಗಿ ಕೇಳಿದ, ದೂರದಲ್ಲಿ ಕಂಡವನು, ಆ ಇನ್ನೊಬ್ಬ ಇದ್ದನಲ್ಲ, ಅವನಿಗೆ ಕೂಲಿ ಎಷ್ಟು ಕೊಟ್ಟರು?

ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ. ನಾಳೆ ಕೆಳಗಿನ ತೋಟಕ್ಕೆ ಬರುತ್ತಾನೆ, ಕೇಳದೆ ಬಿಡುವವನಲ್ಲ.